ಮೂರನೇ ಕೂಗಿಗೆ ‘ಓ’ ಅನ್ನುವ ಮಾಸುಮಬಿ

ಲಕ್ಷ್ಮೇಶ್ವರದ ನದಾಫ ಓಣಿಯ ತುದಿಯಲ್ಲಿ ಕೋಳಿ ಕೂಗುವ ಮೊದಲೇ ಹೊಗೆ ಏಳುತ್ತದೆ. ಅದು ಮಾಸುಮಬಿಯವರ ಚುರಮರಿ ಭಟ್ಟಿ. ಭತ್ತದ ಹೊಟ್ಟು ಉರಿಯುವ ಒಲೆ, ಮೇಲೆ ಕೆಂಪಗೆ ಕಾದ ಉಸುಕಿನ ಬಾಣಲಿ. ಉಪ್ಪುನೀರು ಹಚ್ಚಿದ ಅಕ್ಕಿಯನ್ನು ಅದಕ್ಕೆ ಚೆಲ್ಲಿ ಉದ್ದ ಹಿಡಿಕೆಯ ಸೌಟಿನಿಂದ ಗರಗರ ತಿರುವುತ್ತಾರೆ. ಭುಸ್ಸೆಂದು ಅಕ್ಕಿ ಅರಳಿ ಮಂಡಕ್ಕಿಯಾಗುತ್ತದೆ. ಕಣ್ಣು ಮಿಟುಕಿಸಿದರೆ ಮುಗೀತು, ಎಲ್ಲ ಕರಕು.

ಅಷ್ಟರಲ್ಲಿ ಹಿತ್ತಲಿನಿಂದ ಯಾರೋ ಕೂಗುತ್ತಾರೆ. “ಯವ್ವಾ...” ಹರೆಯದ ಗಂಡು ದನಿ. ಚುರಮರಿ ಒಯ್ಯಲು ಬಂದ ಹೊಸಬರಿದ್ದರೆ ಗಕ್ಕನೆ ಆ ಕಡೆ ನೋಡುತ್ತಾರೆ. ಅಲ್ಲಿ ಹೊಟ್ಟಿನ ರಾಶಿ, ಮುರಿದ ಚಕ್ಕಡಿ ಗಾಲಿ, ನಸುಕಿನ ಮಬ್ಬು. ಅಷ್ಟೇ. ಮಾಸುಮಬಿ ತಿರುಗುವುದಿಲ್ಲ. ಜರಡಿ ಹಿಡಿದ ಸೊಸೆ ನಸ್ರೀನಳೂ ತಲೆ ಎತ್ತುವುದಿಲ್ಲ.

“ಒಂದ ಕೂಗಿಗೆ ಓ ಅನ್ನಬಾರದ್ರಿ,” ಎನ್ನುತ್ತಾರೆ ಮಾಸುಮಬಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ. “ಮನಷ್ಯಾರಾದ್ರ ಮೂರ ಸಲ ಕೂಗ್ತಾರ. ಅದು ಒಂದ ಸಲ ಕೂಗಿ ಸುಮ್ಮನಾಗತೈತಿ.”

‘ಅದು’ ಅಂದರೆ ಏನು ಎಂದು ಅವರು ಬಿಡಿಸಿ ಹೇಳುವುದಿಲ್ಲ. ಕೇಳುವ ಧೈರ್ಯ ಎದುರಿನವರಿಗೂ ಬರುವುದಿಲ್ಲ. ದನಿ ಮಾತ್ರ ಯಾರದೆಂದು ಓಣಿಗೆಲ್ಲ ಗೊತ್ತು. ಅದು ಮಾಸುಮಬಿಯ ಒಬ್ಬನೇ ಮಗ ಜಹಾಂಗೀರನ ದನಿ. ಜಹಾಂಗೀರನೋ, ಎಲ್ಲಿದ್ದಾನೆಂದು ಹೇಳಲೂಬಾರದ ಯಾವುದೋ ಸಮುದ್ರದಲ್ಲಿದ್ದಾನೆ.

ಅವನು ನೌಕಾದಳದ ಡೆಸ್ಟ್ರಾಯರ್ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಾನೆ. ಅದು ವೈರಿ ಹಡಗನ್ನು ಹುಡುಕಿ ಹೊಡೆಯುವ ದೊಡ್ಡ ಯುದ್ಧನೌಕೆ. ಕೆಲಸ ಸಿಕ್ಕಿತೆಂದು ಮಗ ಓಡಿಬಂದು ಹೇಳಿದ ದಿನ ತಾಯಿಗೆ ಅದೆಲ್ಲ ಎಲ್ಲಿ ತಿಳಿಯಬೇಕು! “ಡಿಸ್ ಟಾಯರ್ ಅಂದನ್ರಿ. ಟಾಯರ್ ಕಂಪನ್ಯಾಗ ನೌಕರಿ ಆತು, ಭಟ್ಟಿ ಉರಿಸಾಕ ಹಳೇ ಟಾಯರ್ ಪುಕ್ಕಟ ಸಿಗತಾವು ಅಂತ ನಾ ಖುಷಿ ಆಗಿದ್ದೆ,” ಎಂದು ಈಗಲೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾರೆ. ಹತ್ತಿರದ ಮಾಗಡಿ ಕೆರೆಗಿಂತ ದೊಡ್ಡ ನೀರನ್ನು ಅವರು ಕಂಡವರಲ್ಲ.

ಮೂರು ಕೂಗಿನ ಮಾತು ಈ ಮನೆಗೆ ಸುಮ್ಮನೆ ಬಂದದ್ದಲ್ಲ. ಜಹಾಂಗೀರ ಶಾಲೆಗೆ ಹೋಗುತ್ತಿದ್ದ ಕಾಲ. ಇದೇ ಭಟ್ಟಿಯ ಮುಂದೆ ಕೂತಿದ್ದ ಗಂಡ ಅಲ್ಲಾಸಾಬ ಒಂದು ನಸುಕಿನಲ್ಲಿ ಇದ್ದಕ್ಕಿದ್ದಂತೆ “ಓ, ಬಂದೆ” ಎಂದು ಎದ್ದು ಹಿತ್ತಲಿಗೆ ಹೋದರು. ಅವರನ್ನು ಯಾರೂ ಕೂಗಿರಲಿಲ್ಲ. ಬಾಣಲಿ ಕರಕಾದರೂ ಬರಲಿಲ್ಲವೆಂದು ಮಾಸುಮಬಿ ಹೋಗಿ ನೋಡಿದರೆ ಹೊಟ್ಟಿನ ರಾಶಿಗೆ ಒರಗಿ ಕೂತಿದ್ದರು, ಉಸಿರಿರಲಿಲ್ಲ. ಡಾಕ್ಟರು ಹೃದಯಾಘಾತ ಎಂದರು. ಮಾಸುಮಬಿ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಮಗನನ್ನು ಎದುರಿಗೆ ಕೂಡಿಸಿಕೊಂಡು ಆಣೆ ಹಾಕಿಸಿದರು: ಯಾರೇ ಕೂಗಲಿ, ಹೆತ್ತ ತಾಯಿಯೇ ಕೂಗಲಿ, ಮೂರನೇ ಕೂಗಿಗಷ್ಟೇ ಓ ಅನ್ನಬೇಕು.

ಅಂದಿನಿಂದ ಭಟ್ಟಿ ಅವರೊಬ್ಬರ ಹೆಗಲಿಗೆ ಬಿತ್ತು. ದಿನಕ್ಕೆ ಹತ್ತು ಹನ್ನೆರಡು ಚೀಲ ಚುರಮರಿ ಇಲ್ಲಿಂದ ಶಿರಹಟ್ಟಿ, ಮುಂಡರಗಿ, ಬೆಳ್ಳಟ್ಟಿಯ ಅಂಗಡಿಗಳಿಗೆ ಹೋಗುತ್ತದೆ. ಗದುಗಿನ ಗಿರಮಿಟ್ಟಿನ ಬಂಡಿಯವರೂ ಇವರ ಚುರಮರಿಯೇ ಬೇಕೆನ್ನುತ್ತಾರೆ. ದುಡಿತ ಎಷ್ಟೇ ಇರಲಿ, ಮಗ ಫೋನು ಹಚ್ಚಿದಾಗ ಮಾತ್ರ ‘ಇಲ್ಲಿ ಎಲ್ಲ ಸುಖ’ ಎನ್ನುತ್ತಾರೆ. ಒಮ್ಮೆ ಕಾದ ಉಸುಕು ಚೆಲ್ಲಿ ಅಂಗೈ ಕೆಂಪಗೆ ಬೆಂದಿತ್ತು. ವಿಡಿಯೊದಲ್ಲಿ ಕಂಡು ಅವನು ಗಾಬರಿಯಾದರೆ, “ಮದರಂಗಿ ಹಚ್ಚಿಕೊಂಡೇನಲೇ, ಈ ವಯಸ್ಸಿನ್ಯಾಗ ಹುಚ್ಚು ನೋಡು” ಎಂದು ತೇಲಿಸಿಬಿಟ್ಟರು. “ನೀರಿನ ಮ್ಯಾಲ ನಿಂತಾವಗ ನೆಲದ ಚಿಂತಿ ಹೇಳಬಾರದ್ರಿ. ಅಂವ ಅಲ್ಲಿ ದೇಶ ಕಾಯ್ತಾನ, ನಾವು ಇಲ್ಲಿ ಅವನ ನಿದ್ದಿ ಕಾಯ್ತೇವಿ,” ಎನ್ನುತ್ತಾರೆ.

ಈ ಸಲ ಹಡಗು ಹೊರಟ ಮೇಲೆ ಫೋನು ನಿಂತಿತು. ಅದು ರೂಢಿಯೇ. ಆದರೆ ಫೋನು ನಿಂತ ಮರುದಿನವೇ ಹಿತ್ತಲಿನ ಕೂಗು ಶುರುವಾಯಿತು. ಮೊದಲು ತನ್ನ ಕಿವಿಯ ಭ್ರಮೆ ಎಂದುಕೊಂಡರು. ಸೊಸೆಯ ಕೈಯ ಜರಡಿ ತಟಕ್ಕನೆ ನಿಂತದ್ದು ನೋಡಿದಾಗ ಅವಳಿಗೂ ಕೇಳಿದೆ ಎಂದು ತಿಳಿಯಿತು. ಹಾಲು ಹಾಕುವ ಪಕ್ಕದ ಮನೆಯ ಗುರುಸಿದ್ದವ್ವನಿಗೂ ಕೇಳಿದೆ. “ಸುಳ್ಳ ಯಾಕ ಹೇಳ್ಲಿ, ಆ ಹುಡುಗಂದ ದನಿ. ಅವತ್ತಿಂದ ನಾ ಹಾಲು ಮುಂದಿನ ಬಾಗಲಕ್ಕ ಇಟ್ಟ ಹೊಕ್ಕೇನ್ರಿ,” ಎನ್ನುತ್ತಾರೆ ಆಕೆ.

ಅದೇ ವಾರ ಸಮುದ್ರದಲ್ಲಿ ತೂಫಾನು ಎದ್ದಿದೆ ಎಂದು ಟಿವಿಯಲ್ಲಿ ಬಂತು. ಮರುದಿನ ನಸುಕಿನಲ್ಲಿ ಹಿತ್ತಲಿನ ಕೂಗೂ ಫೋನಿನ ಗಂಟೆಯೂ ಒಟ್ಟಿಗೇ ಆದವು. ಯಾವುದೋ ಉದ್ದನೆಯ, ಗುರುತಿಲ್ಲದ ನಂಬರು. ನಸ್ರೀನ ಕೈ ಚಾಚಿದಳು. ಮಾಸುಮಬಿ ಅವಳ ಮಣಿಕಟ್ಟು ಹಿಡಿದರು. ‘ಅದು’ ಹಿತ್ತಲಿನಿಂದ ಫೋನಿನೊಳಗೆ ಹೊಕ್ಕಿದೆ ಎಂದೇ ಅವರಿಗೆ ಅನ್ನಿಸಿತ್ತು. ಫೋನು ಬಾರಿಸಿ ನಿಂತಿತು. ಎರಡನೇ ಸಲ ಬಾರಿಸಿತು. ಮೂರನೆಯದಕ್ಕೆ ಎತ್ತೋಣವೆಂದು ಇಬ್ಬರೂ ಫೋನನ್ನೇ ನೋಡುತ್ತ ಕೂತರು. ಮೂರನೆಯದು ಬರಲೇ ಇಲ್ಲ.

ತಿರುಗಿ ಹಚ್ಚಿದರೆ ಆ ನಂಬರು ಹತ್ತಲಿಲ್ಲ. ಅದೇ ಹಡಗಿನಲ್ಲಿರುವ ಇನ್ನೊಬ್ಬನ ಹೆಂಡತಿಯನ್ನು ಕೇಳಿದರೆ ಅವಳಿಗೂ ಖಬರಿಲ್ಲ. ಎಂದೂ ಎದುರಾಡದ ನಸ್ರೀನ ಅಂದು ಅತ್ತೆಯ ಮುಂದೆ ನಿಂತು ಅತ್ತಳು. “ಅವರಿಗೆ ಏನರ ಆಗಿದ್ರ? ಮಗಾ ಸತ್ತ ಬಂದು ಹಿತ್ತಲದಾಗ ಕೂಗಾಕತ್ತಿದ್ರ? ನೀವು ಬಾಯಾಗ ಓ ಅನ್ನವಲ್ರಿ, ಫೋನೂ ಎತ್ತಗೊಡವಲ್ರಿ!” ಆ ಮಾತು ಮಾಸುಮಬಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಆದರೂ ಹೊಟ್ಟು ತುಂಬಿದರು, ಉಸುಕು ಕಾಯಿಸಿದರು. ಅಂಗಡಿಯವರಿಗೆ ಮಾತು ಕೊಟ್ಟಾಗಿತ್ತಲ್ಲ. ನಸುಕಿನ ಕೂಗು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಕೊನೆಗೊಂದು ಶುಕ್ರವಾರ. ಹಿತ್ತಲಿನಿಂದ “ಯವ್ವಾ” ಎಂದ ಬೆನ್ನಿಗೇ ಫೋನು ಬಾರಿಸಿತು. ಬಾಣಲಿಯ ತುಂಬ ಅಕ್ಕಿ ಆಗತಾನೇ ಬಿದ್ದಿತ್ತು. ಮಾಸುಮಬಿ ಸೌಟು ಬಿಸಾಡಿದರು. ಗಂಡನ ಸಾವು ಕಣ್ಣ ಮುಂದೆ ಬರಲಿಲ್ಲವೆ ಎಂದು ಕೇಳಿದರೆ, “ಬಂತ್ರಿ, ಬರದ ಏನು. ಜೀವ ಹೋದ್ರ ಹೋಗ್ಲಿ, ಹುಡುಗನ ದನಿ ಒಮ್ಮಿ ಕೇಳಿ ಹೊಕ್ಕೇನಿ ಅಂದಕೊಂಡೆ.” ಮೊದಲ ಗಂಟೆಗೇ ಫೋನು ಎತ್ತಿ ಓಣಿಗೆಲ್ಲ ಕೇಳುವಂತೆ “ಓ!” ಎಂದರು.

ಆ ಕಡೆ ಬರೀ ಸರ್ರೆನ್ನುವ ಸದ್ದು. ಆಮೇಲೆ, “ಯವ್ವಾ, ಆರಾಮದೀ ಏನು?”

ತಾಯಿ ಫೋನು ಹಿಡಿದುಕೊಂಡು ನೆಲದ ಮೇಲೆಯೇ ಕೂತರು. ನಸ್ರೀನ ಫೋನಿಗೆ ಕಿವಿ ಹಚ್ಚಿ ಬಿಕ್ಕಿದಳು. ಹಿಂದೆ ಬಾಣಲಿಯ ಅಕ್ಕಿ ಕರಕಾಗಿ ಹೊಗೆ ತುಂಬಿದರೂ ಯಾರೂ ಏಳಲಿಲ್ಲ. ಆವತ್ತು ಹಡಗಿನ ಫೋನಿಗೆ ಸರದಿ ನಿಂತು ಎರಡು ಸಲ ಹಚ್ಚಿದ್ದನಂತೆ, ಮುಂದಿನವನ ಪಾಳಿ ಬಂತಂತೆ. ತೂಫಾನಿನಲ್ಲಿ ಹಡಗಿಗೆ ಏನೂ ಆಗಿಲ್ಲವಂತೆ. ಇಷ್ಟು ಹೇಳಿ ಅವನು ದನಿ ತಗ್ಗಿಸಿದ.

“ಯವ್ವಾ, ಒಂದ ಮಾತ. ದಿನಾ ನಸುಕಿನ್ಯಾಗ ಎಂಜಿನ್ ಬಾಜೂಕ ನಿಂತಾಗ ನಿನ್ನ ದನಿ ಕೇಳತೈತಿ. ‘ಜಹಾಂಗೀರಾ’ ಅಂತ ಒಂದ ಸಲ. ಮ್ಯಾಲ ಡೆಕ್ಕಿನ ಅಂಚಿಂದ ಕರದಂಗ. ನೀ ಕೂಗ್ತೀ ಏನು?”

ಇಷ್ಟನ್ನು ಹೇಳಿ ಮಾಸುಮಬಿ ಬಾಣಲಿಯ ಉಸುಕನ್ನೊಮ್ಮೆ ಕೆದಕುತ್ತಾರೆ. ಬೆಂಕಿಯ ಮುಂದೆ ಕೂತಿದ್ದರೂ ಅವರ ತೋಳಿನ ಕೂದಲು ನಿಮಿರಿವೆ.

“ಆಣಿ ಮಾಡಿ ಹೇಳ್ತೇನ್ರಿ, ನಾ ಒಂದ ದಿನಾನೂ ಅವನ್ನ ಕೂಗಿಲ್ಲ. ಮತ್ತ ಯಾರ ಕೂಗಿದ್ರೋ, ಆ ಅಲ್ಲಾಗ ಗೊತ್ತು. ಡೆಕ್ಕಿನ ಅಂಚಿಗೆ ಹೋಗಿದ್ರ ಏನಾಕ್ಕಿತ್ತು, ನೀವ ಹೇಳ್ರಿ. ಆದ್ರ ಹೋಗಲಿಲ್ಲ ಅಂವ. ಅವ್ವನ ದನಿ ಕೇಳಿನೂ ಓ ಅನ್ನಲಿಲ್ಲ. ಹಂತಾ ಮಗನ್ನ ಹಡದೇನ್ರಿ ನಾನು.”