ಜಮಾಲ್ ಸಾಬರ ಗಾಡಿ ದುವಾ

ಹರಿಹರದ ಮಾಬೂಬೀಗೆ ಹಿಡಿಸಿದ ಮನುಷ್ಯ ಇನ್ನೂ ಹುಟ್ಟಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಅದು ಪೂರ್ತಿ ಸುಳ್ಳೇನಲ್ಲ. ದಾವಣಗೆರೆಯವರು ಬಡಾಯಿಕೋರರು, ಹರಿಹರದವರು ಸೋಮಾರಿಗಳು, ತನ್ನ ತವರು ಹದಡಿಯವರು ಎರಡೂ ಹೌದು ಎಂಬುದು ಆಕೆ ಬಹಳ ಹಿಂದೆಯೇ ಕೊಟ್ಟ ತೀರ್ಪು. ಮಂಡಿಪೇಟೆಯ ಅಂಗಡಿಗಳಿಗೆ ಲಂಗ ಹೊಲಿದುಕೊಡುವುದು ಅವಳ ಕಸುಬು. ಬಾಗಿಲಲ್ಲೇ ಹೊಲಿಗೆ ಮಷೀನು. ಕಾಲಲ್ಲಿ ಮಷೀನು ತುಳಿಯುತ್ತ, ದಾರದ ತುದಿಯನ್ನು ಹಲ್ಲಿನಿಂದ ಕಡಿಯುತ್ತ, ಓಣಿಯಲ್ಲಿ ಹಾದುಹೋಗುವ ಒಬ್ಬೊಬ್ಬರನ್ನೂ ನೋಡಿ ಮೂಗು ಮುರಿಯುತ್ತಾಳೆ.

ಗಂಡ ಜಮಾಲ್ ಸಾಬರಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಸಾಬರು ಸೀರೆಯ ಗಂಟನ್ನು ಬೈಕಿಗೆ ಬಿಗಿದುಕೊಂಡು ಸಾರಥಿ ಎಂಬ ಊರಿನ ಕಡೆಯ ಹಳ್ಳಿಗಳಲ್ಲಿ ಮಾರುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಜಾತಿ. ಹಳ್ಳಿಯ ಹೆಂಗಸರಿಗೆಲ್ಲ “ಅಕ್ಕಾ, ಈ ಬಣ್ಣ ನಿಮಗೇ ಒಪ್ಪತೈತೆ ನೋಡ್ರಿ” ಎಂದು ಬೆಣ್ಣೆ ಹಚ್ಚುವ ನಾಲಿಗೆ, ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಒಣಗಿ ಹೋಗುತ್ತಿತ್ತು. ಮಾಡಿದ ಸಾರಿಗೆ ಉಪ್ಪು ಕಡಿಮೆ, ಹೊಲಿದ ಲಂಗದ ಅಂಚು ಸೊಟ್ಟ, ಹೆಂಡತಿಯ ತವರಿನವರು ದರಿದ್ರರು. ಮಾಬೂಬೀಗೂ ಬಾಯಿ ಇತ್ತು, ಅವಳೂ ತಿರುಗಿ ಅಂದಳು. ಹೀಗೆ ಒಬ್ಬರನ್ನೊಬ್ಬರು ಕೀಳಾಗಿ ಕಾಣುತ್ತಲೇ ಅವರ ಸಂಸಾರ ಮೂವತ್ತು ವರ್ಷ ನಡೆಯಿತು. ಎಷ್ಟೋ ಸಂಸಾರಗಳು ಇಷ್ಟು ಒಮ್ಮತವೂ ಇಲ್ಲದೆ ನಡೆಯುತ್ತವೆ.

ಒಂದು ವಿಷಯದಲ್ಲಿ ಮಾತ್ರ ಮಾಬೂಬೀ ಗಂಡನ ಮುಂದೆ ತಲೆ ತಗ್ಗಿಸುತ್ತಿದ್ದಳು. ಅದು ಸಾಬರ ಗಾಡಿ ದುವಾ.

ಗಾಡಿ ಎಂದರೆ ಹಳೆಯ ಎಜ್ಡಿ ಬೈಕು. ಅದನ್ನು ಮನೆಗೆ ತಂದ ದಿನವೇ ಸಾಬರು ಹೇಳಿದ್ದರು: ಪುಣ್ಯವಂತ ಹಿರಿಯರು, ಬುಜುರ್ಗರೊಬ್ಬರು, ತನ್ನ ಕಿವಿಯಲ್ಲಿ ಒಂದು ದುವಾ ಹೇಳಿದ್ದಾರೆ. ಅದನ್ನು ಓದದೆ ಒದ್ದರೆ ಈ ಗಾಡಿ ಏಳುವುದಿಲ್ಲ. ಓದುವಾಗ ಮನೆಯ ಹೆಂಗಸು ಮಾತಾಡಿದರೆ ದುವಾ ಮುರಿಯುತ್ತದೆ. ಅಂದಿನಿಂದ ದಿನಾ ಬೆಳಗ್ಗೆ ಅದೇ ಕ್ರಮ. ಸಾಬರು ಗಾಡಿಯನ್ನು ಅಂಗಳಕ್ಕೆ ಇಳಿಸುವರು. ಮಾಬೂಬೀ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊಸ್ತಿಲಲ್ಲಿ ನಿಲ್ಲಬೇಕು, ತುಟಿ ಪಿಟಕ್ಕೆನ್ನಬಾರದು. ಸಾಬರು ಮನೆಗೆ ಬೆನ್ನು ಮಾಡಿ, ಟ್ಯಾಂಕಿನ ಪಕ್ಕ ಬಗ್ಗಿ, ಗುಣುಗುಣು ಏನೋ ಓದಿ, ನೆಟ್ಟಗೆ ನಿಂತು ಒಂದು ಒದೆ ಕೊಟ್ಟರೆ ಗಾಡಿ ಡುಗುಡುಗು ಎಂದು ಎದ್ದುಬಿಡುತ್ತಿತ್ತು. ಮಗ ಬಿಲಾಲ್ ಚಿಕ್ಕವನಿದ್ದಾಗ ಒಮ್ಮೆ ಜ್ವರದಲ್ಲಿ ಮಲಗಿದ್ದ. ಬರುವಾಗ ಔಷಧಿ ತನ್ನಿ ಎನ್ನಲು ಮಾಬೂಬೀ ಬಾಯಿ ತೆರೆದಳು. ಸಾಬರು ತಿರುಗಿ ಉರಿಗಣ್ಣು ಬಿಟ್ಟರು. ಆಮೇಲೆ ಎಷ್ಟು ಒದ್ದರೂ ಗಾಡಿ ಏಳಲಿಲ್ಲ. ಸೀರೆಯ ಗಂಟು ಹೊತ್ತು, ಹೆಂಡತಿಗೆ ಶಾಪ ಹಾಕುತ್ತ, ಬಸ್ ಸ್ಟ್ಯಾಂಡಿಗೆ ನಡೆದರು. ಆ ಪಾಪವನ್ನೂ ಅವಳು ತನ್ನ ತಲೆಗೇ ಹಾಕಿಕೊಂಡಳು.

ಇಂಥ ಬಾಯಿಜೋರಿನ ಹೆಂಗಸು ಇದನ್ನು ಹೇಗೆ ನಂಬಿದಳು ಎಂದು ಯಾರಾದರೂ ಕೇಳಬಹುದು. ನಂಬಿದಳು, ಅಷ್ಟೇ. ಕಣ್ಣೆದುರೇ ದಿನಾ ಗಾಡಿ ಏಳುತ್ತಿತ್ತಲ್ಲ. ಬೇರೆ ಯಾವುದಕ್ಕೂ ಬಾರದ ಈ ಮನುಷ್ಯನ ಬಾಯಲ್ಲಿ ದೇವರು ಅದೇನನ್ನೋ ಇಟ್ಟಿದ್ದಾನೆ ಎಂದುಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಗಂಡನ ವಿಷಯ ಬಂದಾಗ ಅವಳು ‘ಅವರು’ ಎನ್ನುತ್ತಿದ್ದುದು ಆ ದುವಾದ ಮರ್ಯಾದೆಗೆ. ಅದೊಂದು ಇಲ್ಲದಿದ್ದರೆ ‘ಅವನು’ ಎನ್ನಲು ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಸಾಬರು ದಾವಣಗೆರೆಯ ಆಸ್ಪತ್ರೆಯಲ್ಲಿ ಕೊನೆಯ ಉಸಿರು ಎಳೆಯುತ್ತಿದ್ದಾಗಲೂ ಅವಳು ಕೇಳಿದಳು.

“ಆ ದುವಾ ಮಗನಿಗಾದ್ರೂ ಹೇಳ್ರಿ. ನಿಮ್ಮ ಹಿಂದೆ ಗಾಡಿ ಏಳಬೇಕಲ್ಲ.”

ಸಾಬರು ಮಗನ ಮುಖ ನೋಡಿ ಕಣ್ಣು ಮುಚ್ಚಿದರು. “ಅದು ನನ್ ಜತಿಗೇ” ಎಂದರು. ಬಿಲಾಲ್ ಮಂಚದ ಕಾಲ ಬಳಿ ಫೋನು ನೋಡುತ್ತ ನಿಂತಿದ್ದ.

ಹೀಗೆ ದುವಾ ಮಣ್ಣಿಗೆ ಹೋಯಿತು, ಗಾಡಿ ಅಂಗಳದಲ್ಲಿ ಉಳಿಯಿತು. ಟಾರ್ಪಾಲಿನ ಕೆಳಗೆ ತುಕ್ಕು ತಿನ್ನುತ್ತ ಬಿತ್ತು, ಸೀಟಿನೊಳಗೆ ಇಲಿ ಮರಿ ಹಾಕಿತು. ಗಾಡಿ ಕೆಟ್ಟಷ್ಟೂ ಸಾಬರ ಹೆಸರು ಮಾತ್ರ ದೊಡ್ಡದಾಗುತ್ತ ಬಂತು. ಬದುಕಿದ್ದಾಗ ಓಣಿಯಲ್ಲಿ ಯಾರೂ ಕ್ಯಾರೇ ಎನ್ನದಿದ್ದ ಮನುಷ್ಯ ಸತ್ತ ಮೇಲೆ ಆ ದುವಾದ ದೆಸೆಯಿಂದ ಪುಣ್ಯಾತ್ಮನಾದ. ಪಕ್ಕದ ಮನೆಯ ಓಬಕ್ಕ ಅಮಾವಾಸ್ಯೆಗೊಮ್ಮೆ ಬಂದು ಗಾಡಿಯ ಮುಂದೆ ನಿಂಬೆಹಣ್ಣು ಇಟ್ಟು ಹೋಗತೊಡಗಿದಳು. ಒಂದು ದಿನ ನಿಂಬೆಹಣ್ಣು ಇಟ್ಟವಳು ಸುಮ್ಮನೆ ಹೋಗಬಾರದೇ?

“ಅಂಥವರ ಜತಿ ನೀವು ದಿನಾ ಹೆಂಗೆ ಜಗಳ ಆಡ್ತಿದ್ರೋ ಬೂಬಮ್ಮ. ನಮಗಾದ್ರೆ ಬಾಯೇ ಬರ್ತಿರಲಿಲ್ಲ” ಎಂದಳು.

ಆ ಮಾತು ಮಾಬೂಬೀಗೆ ಸೂಜಿಯಂತೆ ಚುಚ್ಚಿತು. ಓಬಕ್ಕನ ಗಂಡ ಎಂಥವನೆಂದು ಓಣಿಗೇ ಗೊತ್ತು, ಅಂಥವಳಿಂದ ಬುದ್ಧಿ ಹೇಳಿಸಿಕೊಳ್ಳುವ ಗತಿ ಬಂತಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಸಿಟ್ಟಿನ ಕೆಳಗೆ ಅಂಜಿಕೆಯೂ ಹುಟ್ಟಿತು. ನಿಜವಾಗಿಯೂ ತಾನು ಸಂತನೊಬ್ಬನನ್ನು ಮೂವತ್ತು ವರ್ಷ ಬೈದೆನೇ? ಈ ಗಾಡಿಯನ್ನು ಮೊದಲಿನಂತೆ ಮಾಡಿ, ದುವಾ ಇಲ್ಲದೆ ಒದ್ದು ನೋಡಿಯೇ ಬಿಡುತ್ತೇನೆ ಎಂದು ಅವಳು ತೀರ್ಮಾನಿಸಿದಳು. ಏಳದಿದ್ದರೆ ಅವರು ದೊಡ್ಡವರು, ತಾನು ಪಾಪಿ. ಉಳಿದ ಆಯುಷ್ಯ ತಪ್ಪಾಯಿತೆಂದು ತೌಬಾ ಮಾಡಿಕೊಂಡು ಕೂರುವುದು. ಎದ್ದರೆ? ಎದ್ದರೆ ಏನೆಂದು ಯೋಚಿಸುವ ಧೈರ್ಯ ಅವಳಿಗೆ ಆಗ ಇರಲಿಲ್ಲ.

ಟಾರ್ಪಾಲು ಸರಿಸಿ ಕೆಲಸಕ್ಕೆ ಕೂತಳು. ಓಣಿಯವರು ಇದಕ್ಕೆ ಪ್ರೀತಿ ಎಂದು ಹೆಸರಿಟ್ಟರು. ಸತ್ತ ಗಂಡನ ಗಾಡಿಯನ್ನು ಮುದುಕಿ ಮಗುವಿನ ಹಾಗೆ ಒರೆಸುತ್ತಾಳೆ ಎಂದು ಹೆಂಗಸರು ಸೆರಗಿನ ಅಂಚಿನಲ್ಲಿ ಕಣ್ಣೊರೆಸಿಕೊಂಡರು. ಮೂರ್ಖರಿಗೆ ಒರೆಸುವುದಕ್ಕೂ ಕೆರೆಯುವುದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಮಾಬೂಬೀ ಮರಳು ಕಾಗದ ತಿಕ್ಕುತ್ತಲೇ ಇದ್ದಳು.

ಟ್ಯಾಂಕಿನೊಳಗಿನ ತುಕ್ಕಿಗೆ ಹುಣಸೆಹಣ್ಣಿನ ನೀರು, ಒಂದು ಹಿಡಿ ಜಲ್ಲಿ ಹಾಕಿ, ಸೊಸೆ ರುಮಾನಾಳನ್ನು ಕರೆದು ಇಬ್ಬರೂ ಆಚೆಯಿಂದ ಈಚೆಗೆ ಕುಲುಕಾಡಿಸಿದರು. ಸೀಟಿಗೆ ರೆಕ್ಸಿನ್ ತಂದು ಹೊಲಿಗೆ ಮಷೀನಿನಲ್ಲೇ ದಪ್ಪ ಸೂಜಿ ಹಾಕಿ ಹೊಲಿದಳು. ಆ ಅಂಚು ಸೊಟ್ಟಗಿರಲಿಲ್ಲ. ಬಿಡಿ ಭಾಗಗಳಿಗೆ ದಾವಣಗೆರೆಯ ಗುಜರಿ ಅಂಗಡಿಗಳನ್ನು ಅಲೆದಳು. ಅಲ್ಲಿ ಒಬ್ಬ ಅಂಗಡಿಯವನು ಕೂತಲ್ಲಿಂದಲೇ, “ಇದೆಲ್ಲ ನಿಮಗೆ ತಿಳಿಯಂಗಿಲ್ಲಮ್ಮ, ಮಗನ್ನ ಕಳಿಸ್ರಿ” ಎಂದ.

“ನಿನ್ನ ಹಡೆದಾಕೆನೂ ಹೆಂಗಸೇ. ಅಕಿಗೂ ಹಿಂಗೇ ಹೇಳಿದ್ರೆ ನೀನು ಎಲ್ಲಿರ್ತಿದ್ದಿ?” ಎಂದು ಕೇಳಿ, ತನಗೆ ಬೇಕಾದ್ದನ್ನು ಅವನ ರಾಶಿಯಿಂದ ತಾನೇ ಆರಿಸಿಕೊಂಡಳು.

ಬಿಲಾಲನಿಗೆ ದಾವಣಗೆರೆಯಲ್ಲಿ ಮೊಬೈಲ್ ಅಂಗಡಿ. ಸಂಜೆ ಸ್ಕೂಟರಿನಲ್ಲಿ ಬಂದವನು ಅಂಗಳದ ತುಂಬ ನಟ್ಟು ಬೋಲ್ಟು ಹರಡಿದ್ದನ್ನು ಕಂಡು ಮುಖ ಹುಳ್ಳಗೆ ಮಾಡುತ್ತಿದ್ದ.

“ಯಾಕ ಬೇಕು ಅಮ್ಮಿ ಇದು? ಅಬ್ಬಾನ ನೆನಪಿಗೆ ಹಂಗೇ ಇರ್ಲಿ ಬಿಡು. ಏಳಂಗಿಲ್ಲ ಅಂತ ಗೊತ್ತೇ ಐತಲ್ಲ” ಎನ್ನುತ್ತಿದ್ದ.

ಎಂಜಿನ್ ಬಿಚ್ಚುವುದಕ್ಕೆ ಮಾತ್ರ ಮಾಲತೇಶಪ್ಪನನ್ನು ಮನೆಗೇ ಕರೆಸಿದಳು. ಹಳೆಯ ಗಾಡಿಗಳ ಮೆಕ್ಯಾನಿಕ್ಕು, ಒಂದು ಕೆಲಸಕ್ಕೆ ಮೂರು ಸಲ ಚಹಾ ಕೇಳುವ ಪೈಕಿ. ಮೊದಲ ಚಹಾಕ್ಕೆ ಪ್ಲಗ್ ಬಿಚ್ಚಿ ಸೀಮೆಎಣ್ಣೆ ಬಿಟ್ಟ, ಎರಡನೆಯದಕ್ಕೆ ಬೀಡಿ ಸೇದುತ್ತ ಅದು ಇಳಿಯಲಿ ಎಂದು ಕಾದ. ಹೀಗೆ ಬಂದು ಬಂದು ಅಂತೂ ಬಿಗಿದುಕೊಂಡಿದ್ದ ಪಿಸ್ಟನ್ನನ್ನು ಸಡಿಲಿಸಿದ. ಕೊನೆಗೆ ಕಾರ್ಬುರೇಟರನ್ನು ಕಳಚಿ, ತೊಳೆದುಕೊಡಿ ಎಂದು ಅವಳ ಕೈಗಿಟ್ಟ.

ತೊಳೆಯುವಾಗ ಅವಳಿಗೆ ಅದು ಕಂಡಿತು. ಕಾರ್ಬುರೇಟರಿನ ಮೇಲೆ ಕಡಲೆಕಾಳಿಗಿಂತ ಚಿಕ್ಕದಾದ ಒಂದು ಗುಂಡಿ. ಸುತ್ತ ಎಲ್ಲವೂ ಒರಟು, ಆ ಗುಂಡಿಯ ತಲೆ ಮಾತ್ರ ಬೆರಳು ತಾಗಿ ತಾಗಿ ಸವೆದು ನುಣುಪಾಗಿತ್ತು.

“ಇದೇನು ಮಾಲತೇಶಣ್ಣ?”

“ಅದಾ? ಅದನ್ನ ಒತ್ತಿ ಹಿಡಿದ್ರೆ ಪೆಟ್ರೋಲ್ ತುಂಬಿ ಹೊರಗೆ ತೊಟ್ಟಿಕ್ಕತೈತೆ. ತಣ್ಣಗಿರೋ ಎಜ್ಡಿ ಅದನ್ನ ಒತ್ತದೆ ಏಳಂಗಿಲ್ಲ ಬೂಬಮ್ಮ. ಒತ್ತಿ ಒದ್ರೆ ಒಂದೇ ಏಟು.”

“ಇದೊಂದೇ ಗಾಡಿಗಾ?”

“ಎಲ್ಲಾ ಎಜ್ಡಿಗೂ ಐತೆ. ಎಜ್ಡಿ ಹೊಡೆದೋರಿಗೆಲ್ಲ ಗೊತ್ತಿರೋದೇ.”

ಮಾಬೂಬೀ ಗುಂಡಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದಳು. ಆಮೇಲೆ ಕೇಳಿದಳು: “ಒತ್ತಾಕೆ ಬಗ್ಗಬೇಕಾ?”

“ಬಗ್ಗದೆ ಕೈ ಹೆಂಗೆ ಹೋಗತೈತೆ? ಟ್ಯಾಂಕಿನ ಕೆಳಗಲ್ವಾ ಇರೋದು” ಎಂದು ಮಾಲತೇಶಪ್ಪ ಲೋಟ ಮುಂದೆ ಚಾಚಿದ. ಆ ದಿನದ ಮೂರನೆಯ ಚಹಾ ಅವನಿಗೆ ಸಿಗಲಿಲ್ಲ.

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ನಿದ್ದೆ ಮಾಡಿದಳು. ಬೆಳಗ್ಗೆ ಎದ್ದಾಗ ಮಾತ್ರ ಅನುಮಾನ ಶುರುವಾಯಿತು. ಗುಂಡಿ ಇದ್ದ ಮಾತ್ರಕ್ಕೆ ದುವಾ ಇರಲಿಲ್ಲ ಎಂದು ಹೇಗೆ ಹೇಳುವುದು? ಗುಂಡಿಯೂ ಇರಬಹುದು, ದುವಾವೂ ಇರಬಹುದು. ಅಷ್ಟು ವರ್ಷ ನಂಬಿದ್ದನ್ನು ಕೈಬಿಡಲು ಅವಳಿಗೇ ಮನಸ್ಸಿರಲಿಲ್ಲ.

ಮಾಲತೇಶಪ್ಪ ಬಂದು ಕಾರ್ಬುರೇಟರ್ ಕೂರಿಸಿದ, ಎಣ್ಣೆ ಬೆರೆಸಿದ ಪೆಟ್ರೋಲ್ ಹೊಯ್ದ, ಎಜ್ಡಿಗೆ ಗೇರೂ ಕಿಕ್ಕರೂ ಒಂದೇ ಆದ್ದರಿಂದ ಗೇರಿನ ಸರಳನ್ನೇ ಮೇಲಕ್ಕೆ ತಿರುಗಿಸಿ ಕಿಕ್ಕರ್ ಮಾಡಿಕೊಟ್ಟ. ತಾನು ಒದೆಯುತ್ತೇನೆ ಎಂದು ಮುಂದೆ ಬಂದವನನ್ನು ಮಾಬೂಬೀ ಪಕ್ಕಕ್ಕೆ ಸರಿಸಿದಳು. ಸೀರೆ ಎತ್ತಿಕಟ್ಟಿದಳು. ಓಬಕ್ಕ ಗೋಡೆಯ ಮೇಲಿಂದ ಇಣುಕುತ್ತಿದ್ದಳು. ಬಗ್ಗಿ ಗುಂಡಿ ಒತ್ತಿದಳು. ಪೆಟ್ರೋಲ್ ತೊಟ್ಟಿಕ್ಕಿ ಬೆರಳು ತಣ್ಣಗಾಯಿತು. ದೇವರ ಹೆಸರು ಕೂಡ ಬಾಯಿಗೆ ಬರದಂತೆ ತುಟಿ ಬಿಗಿಹಿಡಿದು, ಮೂವತ್ತು ವರ್ಷ ಮಷೀನು ತುಳಿದ ಕಾಲಿನಿಂದ ಒಂದು ಒದೆ ಕೊಟ್ಟಳು.

ಗಾಡಿ ಎದ್ದಿತು. ಡುಗುಡುಗು ಎಂದು, ಅದೇ ಸದ್ದು. ಅಂಗಳವೆಲ್ಲ ನೀಲಿ ಹೊಗೆ.

ಇನ್ನು ಜಮಾಲ್ ಸಾಬನಿಗೆ ಬಹುವಚನ ಕೊಡುವುದು ದಂಡ. ಅವನು ಓದುತ್ತಿದ್ದುದು ದುವಾ ಅಲ್ಲ, ಅವನ ಕಿವಿಯಲ್ಲಿ ಹೇಳಿದ ಬುಜುರ್ಗರೂ ಯಾರೂ ಇರಲಿಲ್ಲ. ಮಗುವಿಗೆ ಜ್ವರವಿದ್ದ ದಿನ ಗಾಡಿ ಏಳದಿದ್ದುದು ಹೆಂಡತಿಯ ಬಾಯಿಂದಲ್ಲ, ಬೇಕೆಂದೇ ಅವನು ಗುಂಡಿ ಒತ್ತದೆ ಬಿಟ್ಟಿದ್ದರಿಂದ. ಇಷ್ಟೆಲ್ಲ ಮಾಬೂಬೀಗೆ ಒಂದೇ ಸಲಕ್ಕೆ ತಿಳಿಯಿತು. ಅವಳು ಅಳಲಿಲ್ಲ. ಸಾಯುವಾಗಲೂ ಸುಳ್ಳು ಬಿಡಲಾರದಷ್ಟು ಅಲ್ಪ ಮನುಷ್ಯನೊಬ್ಬನ ಮುಂದೆ ಸೆರಗು ಹೊದ್ದು ನಿಂತಿದ್ದೆನಲ್ಲ ಎಂದು ಅವಳಿಗೆ ಅಸಹ್ಯವಾಯಿತು.

ಸದ್ದು ಕೇಳಿ ಬಿಲಾಲ್ ಹಲ್ಲುಜ್ಜುವ ಬ್ರಶ್ಶಿನೊಂದಿಗೇ ಹೊರಗೆ ಬಂದ. ಅವನ ಹಿಂದೆ ರುಮಾನಾ.

“ಎಬ್ಬಿಸೇ ಬಿಟ್ಯಲ್ಲ ಅಮ್ಮಿ” ಎಂದು ನಕ್ಕ. “ಗುಂಡಿ ಸಿಕ್ತಾ?”

ಮಾಬೂಬೀ ಗಾಡಿ ಬಂದ್ ಮಾಡಿದಳು. “ನಿನಗೆ ಗೊತ್ತಿತ್ತಾ?”

ಮಗ ಬಾಯಲ್ಲಿದ್ದ ನೊರೆ ಉಗಿದ. ಆ ಹೊತ್ತಿಗಾದರೂ ಸುಳ್ಳು ಹೇಳುವಷ್ಟು ಮರ್ಯಾದೆ ಅವನಿಗಿರಬೇಕಿತ್ತು.

“ಕಾಲೇಜಿಗೆ ಹೋಗೋವಾಗ್ಲೇ ತೋರ್ಸಿದ್ರು ಅಬ್ಬಾ. ನಿಮ್ಮಮ್ಮಿಗೆ ಹೇಳಬ್ಯಾಡ ಅಂದ್ರು. ಬೆಳಗ್ಗೆ ಬೆಳಗ್ಗೆ ಹೊಂಟಾಗ ಅದು ಇಲ್ಲ ಇದು ಇಲ್ಲ ಅಂತ ನೀನು ಶುರು ಹಚ್ಕಂತಿದ್ದಿ ಅಂತೆ. ದುವಾ ಅಂದ್ರೆ ಸುಮ್ನಿರ್ತಾಳೆ ಅಂತ. ತಮಾಷೆಗೆ ಅಮ್ಮಿ, ಅದನ್ನೇನು ಮನಸ್ಸಿಗೆ ಹಚ್ಕಂತಿ?”

ಮಾಬೂಬೀ ಮಗನನ್ನು ದಾಟಿ ಸೊಸೆಯ ಕೈ ಹಿಡಿದು ಗಾಡಿಯ ಹತ್ತಿರ ಎಳೆದುಕೊಂಡು ಬಂದಳು. ಗೋಡೆಯಾಚೆ ಓಬಕ್ಕ ಇನ್ನೂ ಬಾಯಿ ತೆರೆದು ನಿಂತಿದ್ದಳು.

“ಓಬಕ್ಕ, ನೀನೂ ಬಾ. ಇನ್ನೂ ಯಾರ್ಯಾರದಾರೆ ಎಲ್ಲಾರ್ನೂ ಕರಿ. ಆ ಮನುಷ್ಯನ ದುವಾ ತೋರಿಸ್ತೀನಿ.”

“ಬೀದ್ಯಾಗೆ ಬ್ಯಾಡ ಅಮ್ಮಿ, ಸತ್ತವ್ರ ಮರ್ಯಾದೆ” ಎಂದ ಬಿಲಾಲ್.

“ಅವನು ನನ್ನ ಬಾಯಿ ಮುಚ್ಚಿಸಿದ್ದೂ ಇಲ್ಲೇ, ಬೀದಿಗೆ ಕಾಣಂಗೆ” ಎಂದಳು ಮಾಬೂಬೀ. ಆಕೆಯ ಬಾಯಲ್ಲಿ ‘ಅವನು’ ಎಂಬುದನ್ನು ಓಣಿ ಕೇಳಿದ್ದು ಅದೇ ಮೊದಲು.

ಹೆಂಗಸರು ಬಂದರು. ಒಬ್ಬೊಬ್ಬರೂ ಬಗ್ಗಿ ಗುಂಡಿ ನೋಡಿದರು. ಓಬಕ್ಕ ಒತ್ತಿ, ಬೆರಳು ಮೂಸಿ, ಥೂ ಎಂದಳು. ಯಾರೋ ನಕ್ಕರು, ಇನ್ಯಾರೋ ನಗಲಾರದೆ ತಮ್ಮ ಮನೆಯ ಕಡೆ ನೋಡಿದರು. ಕೊನೆಗೆ ರುಮಾನಾಳ ಸರದಿ ಬಂತು. ಮದುವೆಯಾಗಿ ಬಂದಾಗಿನಿಂದ ಆ ಹುಡುಗಿ ಅತ್ತೆಯ ಎದುರು ನಾಲ್ಕು ಮಾತು ಸೇರಿಸಿ ಆಡಿದವಳಲ್ಲ. ಗುಂಡಿಯ ಮೇಲೆ ಬೆರಳು ಇಟ್ಟಳು, ಒತ್ತಿದಳು, ತೊಟ್ಟಿಕ್ಕುವ ಪೆಟ್ರೋಲನ್ನು ನೋಡುತ್ತ ಬಗ್ಗಿಯೇ ನಿಂತಳು.

“ಅಮ್ಮಿ, ಇವರ ಫೋನನ್ನ ಮನೆ ಹೆಂಗಸ್ರು ಮುಟ್ಟಿದ್ರೆ ಅಂಗಡಿ ಬರಕತ್ತು ಹೋಗಿ ವ್ಯಾಪಾರ ಬೀಳತೈತಂತೆ. ಮದುವೆಯಾದ ವಾರವೇ ಹೇಳಿದ್ರು. ನಾನು ಇವತ್ತಿನವರೆಗೂ ಮುಟ್ಟಿಲ್ಲ” ಎಂದಳು.

ಹೆಂಗಸರೆಲ್ಲ ಬಿಲಾಲನ ಕಡೆ ತಿರುಗಿದರು. ಅವನ ಕೈ ತಾನಾಗಿಯೇ ಫೋನಿದ್ದ ಜೇಬಿಗೆ ಹೋಯಿತು.