ಕಲ್ಲಿನಿಂದ ಕಲ್ಲಿಗೆ ಅರವತ್ತು ಮಣಿ

ಹೋದ ಸೋಮವಾರ ಹೊಲಿಗೆ ಮಿಷನ್ನಿನ ರಿಪೇರಿಯವನು ಬಂದಿದ್ದ. ಚಕ್ರ ಬಿಗಿಯಾಗಿ, ಒಂದು ದಿಂಬಿನ ಚೀಲ ಹೊಲಿಯುವಷ್ಟರಲ್ಲಿ ನನ್ನ ಕಾಲು ಸೋತುಹೋಗುತ್ತಿತ್ತು. ಅವನು ಮಿಷನ್ನನ್ನು ಕಟ್ಟೆಯ ಮೇಲೆ ಮಲಗಿಸಿ, ಹಳೆಯ ತಟ್ಟೆಯೊಂದಕ್ಕೆ ಸೀಮೆಎಣ್ಣೆ ಸುರಿದು ಒಳಗಿನ ಹಲ್ಲುಚಕ್ರಗಳನ್ನು ತೊಳೆಯತೊಡಗಿದ. ಎಷ್ಟೋ ವರ್ಷದಿಂದ ಗಟ್ಟಿಯಾಗಿ ಕೂತಿದ್ದ ಗ್ರೀಸು ಕರಗಿ ಕಂದುಬಣ್ಣದಲ್ಲಿ ಇಳಿಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಲೆಯ ಮೇಲಿನ ಹಾಲು ನೋಡಲು ಎದ್ದಿದ್ದ ನಾನು ಅಲ್ಲೇ ಕೂತುಬಿಟ್ಟೆ.

"ಒಂದು ಸೂಜಿ ಕೊಡ್ರಿ ಅಮ್ಮಾ, ಸಣ್ಣದು. ಎಣ್ಣಿ ಬಿಡಬೇಕು," ಅಂದ.

ಮಿಷನ್ನಿನ ಡ್ರಾಯರಿನಲ್ಲಿ ಹಾಳೆಯಲ್ಲಿ ಸುತ್ತಿಟ್ಟ ಸೂಜಿಯೊಂದಿದೆ. ಅದನ್ನು ಬದಿಗಿಟ್ಟು ಬೇರೆಯದನ್ನು ಹುಡುಕಿ ಕೊಟ್ಟೆ. ಆ ಹಾಳೆಯೊಳಗಿನ ಸೂಜಿಯಿಂದ ನಾನು ಒಂದು ಹೊಲಿಗೆಯನ್ನೂ ಹಾಕಿಲ್ಲ... ನನ್ನ ಕೂದಲು ಕಪ್ಪಗಿದ್ದ ಕಾಲದಿಂದ ಅದು ಅಲ್ಲೇ ಇದೆ.

ಆಗ ನಾನು ಮದುವೆಯಾಗಿ ಶಿಕಾರಿಪುರಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ನಯಾಪೈಸೆ ಹೊಸದು. ರಸ್ತೆಯ ಕಲ್ಲುಗಳ ಮೇಲೆ ಇನ್ನೂ ಮೈಲಿಯೇ ಇತ್ತು. ನಮ್ಮ ಎದುರು ಮನೆಯವರು ಅಕ್ಕಿ ಗಿರಣಿ ನಡೆಸುತ್ತಿದ್ದರು. ನಮಗೆ ರಕ್ತಸಂಬಂಧವೇನಲ್ಲ, ಆದರೂ ಓಣಿಗೆಲ್ಲ ಅವರು ಗಿರಣಿ ಮಾವ, ಅವರ ಹೆಂಡತಿ ಗಿರಣಿ ಅತ್ತೆ. ಮಾವ ಎತ್ತರದ ಆಳು. ಹಣೆಯ ಮೇಲಿನ ವಿಭೂತಿಯ ಜೊತೆ ಅಕ್ಕಿತೌಡೂ ಹುಬ್ಬಿನ ಮೇಲೆ ಕೂತಿರುತ್ತಿತ್ತು. ಅವರ ಹತ್ತಿರ ಒಂದು ಮೋಟಾರ್ ಸೈಕಲ್ ಇತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದಂತೆ. ಪಕ್ಕದಲ್ಲಿ ಒಬ್ಬರು ಕಾಲು ಚಾಚಿ ಕೂರುವಂಥ ತಗಡಿನ ಡಬ್ಬಿ, ಅದಕ್ಕೊಂದು ಗಾಲಿ. ಓಣಿಯವರು ಅದನ್ನು ದೋಣಿ ಅನ್ನುತ್ತಿದ್ದರು.

"ಆ ಗಾಡಿಗೆ ಮಾಡೋ ಸೇವಾ ನನಗ ಮಾಡಿದ್ರ ನಾನೂ ಮೂವತ್ತು ಮೈಲಿ ಓಡ್ತಿದ್ದೆ," ಅಂತ ಅತ್ತೆ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಅನ್ನುತ್ತಿದ್ದರು.

"ನಿನಗ ಪೆಟ್ರೋಲು ಹಾಕೋಕೆ ನನ್ನ ಗಿರಣಿ ಸಾಲಲ್ಲ ಬಿಡು," ಅಂತ ಮಾವ.

ನನಗೆ ಎರಡು ಸಲ ಮೂರನೇ ತಿಂಗಳಿನಲ್ಲೇ ಬಸಿರು ಇಳಿದುಹೋಗಿತ್ತು. ಮೂರನೆಯದು ಶಿವನ ದಯದಿಂದ ಏಳು ತಿಂಗಳು ನಿಂತಿತು. ಸೊರಬದಲ್ಲಿ ನನ್ನ ತವರು. ಹೆರಿಗೆ ತವರಿನಲ್ಲೇ ಆಗಬೇಕು ಅಂತ ನಮ್ಮವ್ವನ ಹಟ, ಅದೇ ನಮ್ಮಲ್ಲಿ ನಡೆದುಬಂದ ರೂಢಿ. ಊರಿನ ಲೇಡಿ ಡಾಕ್ಟರಮ್ಮ ಬೇಡವೆಂದೇ ಅಂದರು. ನಾವು ಮತ್ತೆ ಮತ್ತೆ ಕೇಳಿದ ಮೇಲೆ, "ಬಸ್ಸು ಬೇಡ, ಎತ್ತಿನ ಗಾಡಿ ಬೇಡ. ಮೆತ್ತಗಿನ ಜಾಗದಲ್ಲಿ ಕಾಲು ಚಾಚಿ ಹೋಗೋ ಹಾಗಿದ್ರೆ, ಗಂಟೆಗೆ ಹದಿನೈದು ಮೈಲಿ ವೇಗ ದಾಟದ ಹಾಗೆ ಹೋಗಿ," ಅಂದರು.

ನಮ್ಮ ಮನೆಯವರು ಅದನ್ನು ಹೇಳಿದಾಗ ಮಾವ ಒಂದು ಗಳಿಗೆಯೂ ಯೋಚಿಸಲಿಲ್ಲ. ದೋಣಿಯೊಳಗೆ ತಮ್ಮ ಮನೆಯ ಹತ್ತಿಯ ಹಾಸಿಗೆಯನ್ನು ಮಡಚಿ ಹಾಸಿದರು. ಹ್ಯಾಂಡಲ್ಲಿನ ನಡುವೆ ಇದ್ದ ಸ್ಪೀಡೋಮೀಟರಿನ ಗಾಜನ್ನು ಪಂಚೆಯ ತುದಿಯಿಂದ ಒರೆಸಿ ನನಗೆ ತೋರಿಸಿದರು. "ನೋಡವ್ವಾ, ಇದು ಹದಿನೈದರ ಗೀಟು. ಈ ಮುಳ್ಳು ಇದನ್ನ ದಾಟಿದ್ರ ನನ್ನ ಕಿವಿ ಹಿಂಡು."

ಬೆಳಿಗ್ಗೆ ಪೂಜೆ ಮುಗಿಸಿ ಹೊರಟೆವು. ಮಾವ ಗಾಡಿಯ ಮೇಲೆ, ನಮ್ಮ ಮನೆಯವರು ಅವರ ಹಿಂದೆ, ನಾನು ದೋಣಿಯಲ್ಲಿ. ಕೈಯಲ್ಲಿ ನಮ್ಮಜ್ಜಿ ಕೊಟ್ಟಿದ್ದ ರುದ್ರಾಕ್ಷಿ ಮಾಲೆ, ನೂರೆಂಟು ಮಣಿ. ಊರು ದಾಟುವಾಗಲೇ ಒಂದು ಹರಕೆ ಹೊತ್ತೆ: ದಾರಿಯ ಪ್ರತಿ ಮೈಲಿಗಲ್ಲಿಗೂ ಒಂದು ಪೂರ್ತಿ ಮಾಲೆ ಮುಗಿಸುತ್ತೇನೆ, ಶಿವನೇ, ಈ ಕೂಸನ್ನು ಉಳಿಸಿಕೊಡು. ಒಂದು ಕಲ್ಲು ಕಂಡ ಕೂಡಲೇ ಮೊದಲ ಮಣಿ ಹಿಡಿಯುವುದು, ಮುಂದಿನ ಕಲ್ಲಿನೊಳಗೆ ಮುಗಿಸುವುದು.

ಮುಗಿಯಲಿಲ್ಲ. ಮೊದಲ ಕಲ್ಲಿಗೆ ಅರವತ್ತು ಮಣಿಯಾಗಿತ್ತು. ಎರಡನೆಯದಕ್ಕೆ ಅರವತ್ತೊಂದು. ಮುಂದಿನದಕ್ಕೆ ಐವತ್ತೆಂಟು. ನಾನು ಎಷ್ಟು ಬೇಗ ಬೇಗ 'ಓಂ ನಮಃ ಶಿವಾಯ' ಅಂದರೂ ಕಲ್ಲು ಮೊದಲೇ ಬಂದುಬಿಡುತ್ತಿತ್ತು. ನನ್ನ ನಾಲಿಗೆಯೇ ಮಂದ ಅಂತ ನನಗೆ ಅಳು ಬಂತು. ತಾಳಗುಂದದ ಕಡೆಯ ತಿರುವಿನ ಹತ್ತಿರ ಗಾಡಿ ಎರಡು ಸಲ ಕುಕ್ಕಿತು, ಹೊಟ್ಟೆ ಹಿಡಿದುಕೊಂಡೆ. ನಿಧಾನ ಮಾವ, ಅನ್ನಬೇಕೆನ್ನಿಸಿತು. ಅಷ್ಟರಲ್ಲಿ ಅವರೇ ಬಗ್ಗಿ ನೋಡಿ, "ಹದಿನೈದು ದಾಟಿಲ್ಲ ತಾಯಿ, ಮುಳ್ಳು ಅಲ್ಲೇ ಐತಿ," ಅಂತ ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದರು. ಮುಳ್ಳನ್ನೇ ನೋಡುತ್ತಾ ಓಡಿಸುತ್ತಿದ್ದ ಹಿರಿಯರಿಗೆ ನಾನೇನು ಹೇಳಲಿ... ಮತ್ತೆ ಮಣಿ ಹಿಡಿದೆ.

ಸೊರಬ ಸೇರಿದ ಮೂರನೆಯ ದಿನ ನೋವು ಬಂತು. ಹುಟ್ಟಿದ ಕೂಸು ಅಳಲಿಲ್ಲ. ಹೆಣ್ಣು. ಒಂದು ಗಳಿಗೆ ಮುಖ ನೋಡಲು ಬಿಟ್ಟರು. ಎಷ್ಟೋ ಜನ ತಾಯಂದಿರಿಗೆ ಅದನ್ನೂ ತೋರಿಸುವುದಿಲ್ಲ, ನನಗೆ ತೋರಿಸಿದರು. ಅದೊಂದು ಉಪಕಾರ ಅಂತ ಇವತ್ತಿಗೂ ಕೈ ಮುಗಿಯುತ್ತೇನೆ.

ತಪ್ಪು ನನ್ನದೇ ಅಂದುಕೊಂಡೆ. ಹರಕೆ ಹೊತ್ತು ಒಂದು ಕಲ್ಲಿಗೂ ಮಾಲೆ ಪೂರೈಸಲಿಲ್ಲ, ಶಿವ ಯಾಕೆ ಕೊಟ್ಟಾನು ಅಂತ. ಇದನ್ನು ಯಾರಿಗೂ ಹೇಳಲಿಲ್ಲ.

ಬಾಣಂತನವೆಂಬ ಹೆಸರಿನಲ್ಲಿ ಮಡಿಲು ಖಾಲಿಯಾಗಿ ಎರಡು ತಿಂಗಳು ತವರಿನಲ್ಲಿದ್ದು ವಾಪಸು ಬಂದೆ. ಬಂದ ಮರುದಿನ ಬಾಗಿಲು ತೆರೆದರೆ ಎದುರಿನ ಜಗಲಿಯಿಂದ ಸೀಮೆಎಣ್ಣೆಯ ವಾಸನೆ. ಮಾವ ಚಾಪೆಯ ಮೇಲೆ ಕೂತು, ಮೋಟಾರ್ ಸೈಕಲ್ಲಿನಿಂದ ಸ್ಪೀಡೋಮೀಟರನ್ನು ಬಿಚ್ಚಿ ಮುಂದಿಟ್ಟುಕೊಂಡಿದ್ದರು. ನನ್ನನ್ನು ನೋಡಿ ತಲೆ ತಗ್ಗಿಸಿದರು.

ಅತ್ತೆ ನಮ್ಮ ಹಿತ್ತಲಿಗೆ ಬಂದು ಹೇಳಿದರು. ಶಿರಾಳಕೊಪ್ಪದ ರಸ್ತೆಯಲ್ಲಿ ಮಾವ ಒಂದು ಬಸ್ಸಿನ ಹಿಂದೆ ಬಂದಿದ್ದರಂತೆ. ಬಸ್ಸು ನಿಂತಾಗ ಡ್ರೈವರು ಇಳಿದು, "ಏನ್ರೀ ಸಾಹುಕಾರ್ರೇ, ನಿಮ್ಮ ಮುದಿ ಗಾಡಿ ಭಾರಿ ಜೋರಾತಲ್ಲ, ನಾನು ಇಪ್ಪತ್ತೈದರಾಗೆ ಬಂದ್ರೂ ಬೆನ್ನು ಬಿಡಲಿಲ್ಲ," ಅಂತ ನಕ್ಕನಂತೆ. ದಾರಿಯುದ್ದಕ್ಕೂ ಮಾವನ ಮುಳ್ಳು ಹದಿನಾಲ್ಕು ತೋರಿಸಿತ್ತು. ಅವರು ಗಾಡಿ ಹತ್ತಿ ಸ್ವಲ್ಪ ದೂರ ಬಂದು ಗಾಜಿನ ಮೇಲೆ ಬೆರಳಿನಿಂದ ತಟ್ಟಿದರಂತೆ. ಮುಳ್ಳು ನಡುಗಿ, ಎದ್ದು, ಇಪ್ಪತ್ತಾರಕ್ಕೆ ಹೋಗಿ ನಿಂತಿತಂತೆ.

"ಅವತ್ತಿನಿಂದ ಉಣ್ಣೋದು ಬಿಟ್ಟಾರ. 'ಒಂದು ಸಲ ತಟ್ಟಿದ್ರ ಸಾಕಿತ್ತು, ಒಂದೇ ಸಲ' ಅಂತ ಅದನ್ನೇ ಅಂತಾರ," ಅಂದರು ಅತ್ತೆ. ತಮಾಷೆಯ ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಹದಿನೈದು ದಿನ ಆ ರಿಪೇರಿ ನಡೆಯಿತು. ಗಾಲಿಯಿಂದ ಮೀಟರಿಗೆ ಬರುವ ಕೇಬಲ್ಲನ್ನು ಮೊದಲು ಎಳೆದು ತೆಗೆದರು. ಉದ್ದ ಹಾವಿನಂಥ ತಂತಿ. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಹೊಸ ಗ್ರೀಸು ಬೆರಳ ತುದಿಯಷ್ಟೇ ಸವರಿ ಹಾಕಿದರು. ಓಡಿಸಿ ನೋಡಿದರು. ಮುಳ್ಳು ಮತ್ತೆ ಮಂದವೇ. ಆಮೇಲೆ ಗಾಜಿನ ಸುತ್ತಲಿನ ಹಿತ್ತಾಳೆ ಬಳೆಯನ್ನು ಚೂರಿಯ ತುದಿಯಿಂದ ಇಷ್ಟಿಷ್ಟೇ ಎಬ್ಬಿಸಿದರು. ಅದಕ್ಕೇ ಎರಡು ದಿನ ಹಿಡಿಯಿತು.

ನಾನು ಜಗಲಿಯ ಈ ಕಡೆ ಕೂತು ಅಕ್ಕಿ ಆರಿಸುವ ನೆವದಲ್ಲಿ ನೋಡುತ್ತಿದ್ದೆ. ಒಂದು ದಿನ ಅವರು ಮೊದಲ ಸಲ ಬಾಯಿಬಿಟ್ಟರು. "ಒಂದು ಸೂಜಿ ಐತೇನವ್ವಾ? ಭಾಳ ಸಣ್ಣದು ಬೇಕು."

ಕೊಡಲು ಹೋದಾಗ ಒಳಗನ್ನು ತೋರಿಸಿದರು. ಕೇಬಲ್ಲು ತಿರುಗಿದರೆ ಒಂದು ಅಯಸ್ಕಾಂತ ತಿರುಗುತ್ತದೆ. ಅದು ತನಗೆ ತಾಗದೆ ಇರುವ ಒಂದು ಸಣ್ಣ ಬಟ್ಟಲನ್ನು ಸೆಳೆಯುತ್ತದೆ. ಬಟ್ಟಲಿಗೆ ಮುಳ್ಳು. ಕೂದಲಿನಂಥ ಸ್ಪ್ರಿಂಗೊಂದು ಅದನ್ನು ಹಿಡಿದು ಹಿಂದಕ್ಕೆಳೆಯುತ್ತದೆ. ಆ ಮುಳ್ಳಿನ ಕಡ್ಡಿಯ ಬುಡದಲ್ಲಿ ಹಳೆಯ ಎಣ್ಣೆ, ಪಾತ್ರೆಯ ಅಂಚಿಗೆ ಹತ್ತಿದ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಕೂತಿತ್ತು. ಸಾಸಿವೆ ಕಾಳಿನ ಅರ್ಧವೂ ಇರಲಿಲ್ಲ.

"ಇಷ್ಟೇ ನೋಡು," ಅಂದರು. "ಇಷ್ಟು ಹೊಲಸು..."

ಪೆಟ್ರೋಲಿನ ಹನಿಯಿಂದ ಅದನ್ನು ಕರಗಿಸಿ, ಗಡಿಯಾರದ ಅಂಗಡಿಯಿಂದ ತಂದ ಎಣ್ಣೆಯನ್ನು ನನ್ನ ಸೂಜಿಯ ತುದಿಯಲ್ಲಿ ಒಂದೇ ತೊಟ್ಟು ಮುಟ್ಟಿಸಿದರು. ಸ್ಪ್ರಿಂಗಿಗೆ ಉಸಿರೂ ತಾಗದ ಹಾಗೆ ಮುಖ ತಿರುಗಿಸಿಕೊಂಡಿದ್ದರು. ಕೇಬಲ್ಲಿನ ತುದಿಯನ್ನು ಬೆರಳಲ್ಲಿ ತಿರುಗಿಸಿದಾಗ ಮುಳ್ಳು ಗಾಳಿಗೆ ಎಲೆ ಎದ್ದಂತೆ ಹಗುರಾಗಿ ಎದ್ದಿತು, ಬಿಟ್ಟಾಗ ಮನೆಗೆ ಬಂದು ಕೂತಿತು. ಮರುದಿನ ಅದೇ ಬಸ್ಸಿನ ಹಿಂದೆ ಹೋಗಿ ಬಂದರು. ಡ್ರೈವರು ಇಪ್ಪತ್ತೈದು ಅಂದರೆ ಇವರ ಮುಳ್ಳೂ ಇಪ್ಪತ್ತೈದು. ಸರಿಯಾಯಿತು. ಯಾರಿಗೂ ಸಂತೋಷವಾಗಲಿಲ್ಲ.

ಸೂಜಿಯನ್ನು ಹಾಳೆಯಲ್ಲಿ ಸುತ್ತಿ ವಾಪಸು ಕೊಡಲು ಬಂದ ಮಾವ ನಮ್ಮ ಹೊಸ್ತಿಲಲ್ಲೇ ನಿಂತರು.

"ಅವತ್ತು ದಾರಿಯೊಳಗ ನೀನು ಮಣಿ ಎಣಿಸ್ತಿದ್ದಿ. ಕಲ್ಲು ಬಂದ ಕೂಡಲೇ ಮೊದಲಿಂದ ಹಿಡೀತಿದ್ದಿ. ನಾನು ನೋಡೀನಿ."

ಹೌದು ಅಂದೆ.

"ನಾಳೆ ಒಂದು ಸಲ ಬಾರವ್ವಾ. ಖರೇ ಹದಿನೈದರಾಗೆ ಹೋಗ್ತೀನಿ. ಎಷ್ಟು ಮಣಿ ಆಗ್ತಾವು ನೋಡೋಣ. ಅವತ್ತು ಎಷ್ಟಾಗಿದ್ವು ಅಂತ ನೀನು ಹೇಳು. ನನಗ ಗೊತ್ತಾಗಬೇಕು. ಅವತ್ತು ಮುಳ್ಳು ಸರಿ ಇದ್ದಿರಬಹುದು, ಆಮೇಲೆ ಹಿಡಕೊಂಡಿರಬಹುದು. ಅಲ್ಲೇನು?"

ಅವರ ಮುಖದಲ್ಲಿ ಉಳಿದಿದ್ದ ಆಸೆ ಅಷ್ಟೇ. ಅದು ನನ್ನ ಮಾಲೆಯಲ್ಲಿತ್ತು.

ಮನೆಯವರು ಬೇಡ ಅಂದರು. ಆದರೂ ಹೋದೆ. ಜೊತೆಗೆ ಅತ್ತೆಯೂ ಹೊರಟು, ಗಾಡಿಯ ಹಿಂದೆ ಸೀರೆ ಸಿಕ್ಕಿಸಿಕೊಂಡು ಕೂತರು. "ಮೈಲಿಗಲ್ಲು ಎಣಿಸೋಕ ಹೊಂಟ ಮುದುಕನ್ನ ಎಲ್ಲಾರ ಕಂಡೀರೇನ್ರೀ," ಅಂತ ಓಣಿಗೆ ಕೂಗಿದರು. ಯಾರೂ ನಗಲಿಲ್ಲ. ದೋಣಿಯೊಳಗೆ ಅದೇ ಹಾಸಿಗೆ. ನಾನು ಕಾಲು ಚಾಚಲಿಲ್ಲ, ಮಡಚಿಕೊಂಡು ಕೂತೆ.

ಕಲ್ಲು ಬಂತು. ಮೊದಲ ಮಣಿ ಹಿಡಿದೆ. ಅವತ್ತಿನ ಹಾಗೆಯೇ ಹೇಳಿದೆ, ಅದಕ್ಕಿಂತ ಬೇಗವೂ ಇಲ್ಲ, ನಿಧಾನವೂ ಇಲ್ಲ. ಅರವತ್ತು ದಾಟಿತು. ಮುಂದಿನ ಕಲ್ಲಿನ ಸುಳಿವಿಲ್ಲ. ಎಂಬತ್ತಾಯಿತು. ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವರು ತಲೆಯೆತ್ತಿ ನೋಡಿ, ಬಗ್ಗಿ, ಮತ್ತೆ ಎತ್ತಿ ನೋಡುವಷ್ಟು ನಿಧಾನ. ನೂರಾಯಿತು. ನೂರೆಂಟನೆಯ ಮಣಿ ಬೆರಳಿಗೆ ಬಂದಾಗ ಕಲ್ಲು ನನ್ನ ಮೊಣಕೈಯ ಪಕ್ಕ ಹಾದುಹೋಯಿತು.

ನನ್ನ ನಾಲಿಗೆ ಮಂದವಲ್ಲ. ಹರಕೆ ತಪ್ಪಿಸಿದವಳು ನಾನಲ್ಲ. ಎದೆಯ ಮೇಲಿನ ಒಂದು ಕಲ್ಲು ಇಳಿದಂತಾಯಿತು. ಅದು ಇಳಿದದ್ದೇ ನನ್ನ ಪಕ್ಕದಲ್ಲಿ ಬೆನ್ನು ಬಾಗಿಸಿ ಕೂತಿದ್ದ ಆ ಮನುಷ್ಯನ ಮೇಲೆ ಬೀಳುವುದರಲ್ಲಿತ್ತು.

ಮಾವ ಗಾಡಿ ನಿಲ್ಲಿಸಿ ಇಂಜಿನ್ನು ಆರಿಸಿದರು. "ಎಷ್ಟಾತು?"

"ಪೂರ್ತಿ ಆತು ಮಾವ. ನೂರೆಂಟು."

"ಅವತ್ತು?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಅಂದರು, "ಕೈಯಾಗ ಶಿವನ ಮಣಿ ಹಿಡಕೊಂಡೀಯ. ನೋಡಿ ಹೇಳು."

"ಅವತ್ತೂ ಇಷ್ಟೇ ಮಾವ. ಒಂದೊಂದು ಕಲ್ಲಿಗೆ ಒಂದೊಂದು ಮಾಲಿ. ಪೂರ್ತಿ."

ಅತ್ತೆ ನನ್ನ ಭುಜ ಹಿಡಿದುಕೊಂಡರು. ಮಾವ ನನ್ನನ್ನೇ ನೋಡಿದರು, ಆಮೇಲೆ ಮಾಲೆಯನ್ನು. "ಸರಿ ತಗಿ," ಅಂದರು. ಅಷ್ಟೇ. ಬರುವಾಗಲೂ ಮುಳ್ಳು ಹದಿನೈದರ ಮೇಲೆಯೇ ನಿಂತಿತ್ತು, ಒಂದು ಎಳೆ ಆಚೆಯಿಲ್ಲ, ಈಚೆಯಿಲ್ಲ.

ನಂಬಿದರು ಅಂತ ಆ ಮಧ್ಯಾಹ್ನ ಊಟ ಮಾಡಿದೆ. ಸಂಜೆ ದೀಪ ಹಚ್ಚಲು ಹೊರಗೆ ಬಂದರೆ ಎದುರು ಅಂಗಳದಲ್ಲಿ ಮಾವ ಪಾನಾ ಹಿಡಿದು ದೋಣಿಯನ್ನು ಗಾಡಿಯಿಂದ ಬಿಚ್ಚುತ್ತಿದ್ದರು. ಅದನ್ನು ಎಳೆದುಕೊಂಡು ಹೋಗಿ ಗಿರಣಿಯ ಹಿಂದೆ ಕವುಚಿ ಹಾಕಿದರು. ಅವರು ಮತ್ತೆ ಯಾರನ್ನೂ ಗಾಡಿಯಲ್ಲಿ ಕೂರಿಸಿಕೊಳ್ಳಲಿಲ್ಲ. ಅತ್ತೆಯನ್ನೂ.

ಡಾಕ್ಟರಮ್ಮನನ್ನು ಆಮೇಲೊಮ್ಮೆ ನಾನೇ ಕೇಳಿದೆ. "ಅದರಿಂದಲೇ ಅಂತ ಹೇಳೋಕಾಗಲ್ಲಮ್ಮ, ಅದರಿಂದ ಅಲ್ಲ ಅಂತಲೂ ಹೇಳೋಕಾಗಲ್ಲ," ಅಂದರು. ಆ ಮಾತನ್ನು ಮಾವನ ತನಕ ಒಯ್ದು ಏನು ಮಾಡುವುದು... ಒಯ್ಯಲಿಲ್ಲ. ನನಗೆ ಮತ್ತೆ ಮಕ್ಕಳಾಗಲಿಲ್ಲ. ಪ್ರತಿ ವರ್ಷ ಶಿವರಾತ್ರಿಯ ಮರುದಿನ ಮಾವ ನಮ್ಮ ಜಗಲಿಯ ಮೇಲೆ ಒಂದು ಚೀಲ ಹೊಸಕ್ಕಿ ಇಟ್ಟು, ಕರೆಯದೆ ಹೋಗಿಬಿಡುತ್ತಿದ್ದರು. ಕೊನೆಯ ಸಲ ಮಲಗಿದಾಗ ನೋಡಲು ಹೋಗಿದ್ದೆ. ಗುರುತು ಹಿಡಿದರು. ಬಲಗೈಯ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಲೇ ಇತ್ತು. ಗಾಡಿ ಗುಜರಿಗೆ ಹೋಯಿತು. ಅತ್ತೆಯೂ ಹೋದರು. ನಮ್ಮ ಮನೆಯವರೂ. ಅವತ್ತಿನ ದಾರಿ ಗೊತ್ತಿದ್ದವರಲ್ಲಿ ಈಗ ಉಳಿದವಳು ನಾನೊಬ್ಬಳೇ.

ರುದ್ರಾಕ್ಷಿ ಹಿಡಿದು ಸುಳ್ಳು ಹೇಳಿದ್ದಕ್ಕೆ ಶಿವ ನನ್ನನ್ನು ಏನು ಮಾಡುತ್ತಾನೋ ಗೊತ್ತಿಲ್ಲ. ಅದಕ್ಕೆ ಹೆದರಿಕೆಯಿಲ್ಲ. ಆ ಸುಳ್ಳು ಯಾರಿಗೂ ಉಪಯೋಗಕ್ಕೆ ಬರಲಿಲ್ಲವಲ್ಲ, ಅದೇ ಸಂಕಟ.

"ಆತು ನೋಡ್ರಿ ಅಮ್ಮಾ, ಈಗ ಹೂವಿನಂಗೆ ತಿರುಗ್ತದೆ," ಅಂದ ರಿಪೇರಿಯವನು. ನಾನು ಕೊಟ್ಟ ಸೂಜಿಯನ್ನು ಒರೆಸಿ ವಾಪಸು ಕೊಟ್ಟ. ಚಕ್ರಕ್ಕೆ ಕೈ ಹಚ್ಚಿದೆ. ನಿಜವಾಗಿಯೂ ಹಗುರಾಗಿತ್ತು. ಡ್ರಾಯರು ಎಳೆದು ಹಳೆಯ ಹಾಳೆಯನ್ನು ಬಿಚ್ಚಿ ನೋಡಿದೆ. ಮಾವನ ಎಣ್ಣೆ ತಾಗಿದ ಸೂಜಿಗೆ ತುಕ್ಕು ಹಿಡಿದಿಲ್ಲ. ಮತ್ತೆ ಸುತ್ತಿಟ್ಟೆ. ಒಲೆಯ ಮೇಲೆ ಹಾಲು ಉಕ್ಕಿ ಹೋಗಿತ್ತು.

ಮರುದಿನ ಬೆಳಿಗ್ಗೆ ಜಪಕ್ಕೆ ಕೂತಾಗ, ಎಂದಿನ ಹಾಗೆ ಅರವತ್ತನೆಯ ಮಣಿಯ ಹತ್ತಿರ ಬೆರಳು ನಿಂತಿತು. ಅಲ್ಲಿಯವರೆಗಿನದು ಕೂಸಿಗೆ. ಉಳಿದ ನಲವತ್ತೆಂಟನ್ನು ಮಾವನ ಹೆಸರಿನಲ್ಲಿ ಹೇಳಿ ಮುಗಿಸಿದೆ.