ಮಣಿಯಕ್ಕನ ಜೋಡಿ ಓಲೆ

ಮಣಿಯಕ್ಕ ಹೋಗಿಬಿಟ್ಟಳು. ಅವಳನ್ನು ಬಲ್ಲವರು ಈ ದುಃಖದಲ್ಲೂ ಎದೆಯುಬ್ಬಿಸಿ ಹೇಳುವುದು ಆ ಜೋಡಿ ಓಲೆಯ ಕಥೆಯನ್ನು.

ಎರಡು ಬಣ್ಣದ ಮೆತ್ತನೆಯ ಪ್ಲಾಸ್ಟಿಕ್ಕನ್ನು ಹಿಟ್ಟಿನಂತೆ ನಾದಿ, ಹೊಸೆದು, ಬಣ್ಣಗಳು ಒಂದರೊಳಗೊಂದು ಸುಳಿ ಸುತ್ತಿದ ಕೂಡಲೇ ಕೈ ತೆಗೆದು, ಮಣಿ ಮಾಡಿ ಓವನ್ನಿನಲ್ಲಿ ಬೇಯಿಸುವುದು ಅವಳ ಕಸುಬು. ಒಂದು ಮಣಿಯಂತೆ ಇನ್ನೊಂದು ಇರುತ್ತಿರಲಿಲ್ಲ. ಸರಕ್ಕೆ ಅದೇ ಚೆಂದ, ಆದರೆ ಕಿವಿಗೆ ಜೋಡಿ ಬೇಕಲ್ಲ.

"ಅಕ್ಕಾ, ಓಲೆ ಇಲ್ಲದೆ ಬರೀ ಸರ ಯಾರೂ ಕೇಳಲ್ಲ. ಇನ್ಮೇಲೆ ಮೆಷಿನ್ ಮಣಿ ತರಿಸ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದ ಅಂಗಡಿಯವನು. ಅವಳ ಮಣಿ ಕೊಳ್ಳುತ್ತಿದ್ದವನು ಅವನೊಬ್ಬನೇ.

"ಬೇಜಾರು ಆಮೇಲೆ ಮಾಡ್ಕೊಳೋಣ. ಮೊದಲು ಕೂತ್ಕೋ."

ಹಸಿರು, ಬಿಳಿ ಸೇರಿಸಿ ಒಂದು ಉಂಡೆ ಹೊಸೆದು, ಒದ್ದೆ ಬಟ್ಟೆ ಹಾಸಿದ ಕಲ್ಲಿನ ಮೇಲಿಟ್ಟಳು. ಕೈಯ ಬಿಸಿ ಆರುವ ಮೊದಲೇ ಕೊಯ್ದರೆ ಸುಳಿಯೆಲ್ಲ ಕಲಸಿಹೋಗುತ್ತದೆ. ಅವನು ಮತ್ತೆ ಮತ್ತೆ ಗಡಿಯಾರ ನೋಡಿದ.

"ಅದನ್ನ ನೋಡಿದ್ರೆ ಇದು ತಣ್ಣಗಾಗಲ್ಲಪ್ಪ" ಎಂದಳು.

ಉಂಡೆ ಬಿಗಿಯಾದ ಮೇಲೆ ಉಸಿರು ಬಿಗಿಹಿಡಿದು, ತೆಳು ಬ್ಲೇಡನ್ನು ನಡುವೆ ಒಂದೇ ಸಲಕ್ಕೆ ಒತ್ತಿದಳು. ಎರಡು ಹೋಳುಗಳನ್ನು ಬಿಡಿಸಿಟ್ಟಳು. ಒಂದರ ಮುಖದಲ್ಲಿ ಹಸಿರು ಸುಳಿ ಎಡಕ್ಕೆ ಬಾಗಿತ್ತು, ಇನ್ನೊಂದರಲ್ಲಿ ಅದೇ ಸುಳಿ ಬಲಕ್ಕೆ, ಒಂದು ಗೆರೆಯೂ ತಪ್ಪದೆ.

ಬೇಯಿಸಿ ಆರಿಸಿದ ಮೇಲೆ ಅಂಗಡಿಯವನು ಅವೆರಡನ್ನೂ ತನ್ನ ಕಿವಿಗಳಿಗೆ ಹಿಡಿದು ಗೋಡೆಯ ಕನ್ನಡಿಯ ಮುಂದೆ ನಿಂತ.

"ಹೇಗಿದೆಯಕ್ಕಾ?"

"ಮುಖ ಒಂದು ಬಿಟ್ಟರೆ ಎಲ್ಲಾ ಚೆನ್ನಾಗಿದೆ. ಹೋಗು, ಮೆಷಿನ್ನವರಿಗೆ ಬೇಡ ಅಂತ ಹೇಳು."

ಅವನು ಹೇಳಿಯೇ ಹೇಳಿದ.